ಸರೋಜಕ್ಕನ ಒರಿಜಿನಲ್ಲು

ಸರೋಜಕ್ಕನ ಹೊಲಿಗೆ ಮೆಷಿನ್ನು ನಿಂತಿತೆಂದರೆ ದೆವ್ವ ಬಂತು ಎಂದು ಅರ್ಥ. ಕೊಪ್ಪದ ಬಾಳಗಡಿಯಲ್ಲಿ ಕಾಲೇಜಿಗೆ ಹೋಗುವ ರಸ್ತೆಯ ಪಕ್ಕ ಅವರ ಟೈಲರ್ ಅಂಗಡಿಗೂ ನನ್ನ ಜೆರಾಕ್ಸ್ ಅಂಗಡಿಗೂ ನಡುವೆ ಇದ್ದುದು ಒಂದು ಪ್ಲೈವುಡ್ ಹಲಗೆ ಮಾತ್ರ. ಅವರು ಸಿನಿಮಾ ಕಥೆ ಹೇಳುತ್ತ ಮೆಷಿನ್ ತುಳಿಯುತ್ತಿದ್ದರು. ಕಥೆಯ ಸೊಸೆ ಪಡಸಾಲೆಯಲ್ಲಿ ನಡೆಯುವಾಗ ನಿಧಾನ, ಮೆಟ್ಟಿಲು ಇಳಿಯುವಾಗ ಜೋರು, ಬಾವಿಯ ಹತ್ತಿರ ಬಂದಾಗ ಇನ್ನೂ ಜೋರು. ಆಮೇಲೆ ತಟ್ಟನೆ ನಿಂತುಬಿಡುತ್ತಿತ್ತು. ಆಚೆ ಕಡೆ ಬ್ಲೌಸ್ ಪೀಸ್ ಹಿಡಿದು ಕೂತ ಹೆಂಗಸರು ಉಸಿರು ಬಿಗಿಹಿಡಿದರೆ, ಈಚೆ ಕಡೆ ಯಾರದೋ ಪಹಣಿಯ ಪ್ರತಿ ತೆಗೆಯುತ್ತಿದ್ದ ನಾನು ಒಂದರ ಬದಲು ನಾಲ್ಕು ತೆಗೆದಿರುತ್ತಿದ್ದೆ.

ಹೆದರುವುದು ನನಗೆ ಹವ್ಯಾಸವಲ್ಲ, ವೃತ್ತಿ. ಜೆರಾಕ್ಸ್ ಅಂಗಡಿ ಉಪವೃತ್ತಿ. ವೋಲ್ಟೇಜ್ ಇಳಿದರೆ ಮೆಷಿನ್ನು ಸುಟ್ಟೀತೆಂದು, ಏರಿದರೆ ಅಂಗಡಿಯೇ ಸುಟ್ಟೀತೆಂದು, ಎಲ್ಲ ಸರಿಯಾಗಿದ್ದರೆ ಇದು ಎಷ್ಟು ಹೊತ್ತು ಸರಿಯಾಗಿದ್ದೀತೆಂದು ಹೆದರುತ್ತಿದ್ದೆ. ಐವತ್ತು ದಾಟಿದ ಮೇಲೆ ಇದಕ್ಕೆ ಬಿಪಿ ಎಂಬ ಗೌರವದ ಹೆಸರು ಬಂದಿದೆ. ಆಗ ಮನೆಯಲ್ಲಿ ಪುಕ್ಕಲು ಎನ್ನುತ್ತಿದ್ದರು. ಇಂಥವನ ಪಕ್ಕದ ಮಳಿಗೆಯೇ, ಇಡೀ ಕೊಪ್ಪ ತಾಲೂಕಿನಲ್ಲಿ ದೆವ್ವದ ಕಥೆಯನ್ನು ಎಲ್ಲರಿಗಿಂತ ಚೆನ್ನಾಗಿ ಹೇಳುವ ಹೆಂಗಸಿಗೆ ಸಿಗಬೇಕೆ? ಹಲಗೆ ತೆಗೆದು ಇಟ್ಟಿಗೆ ಗೋಡೆ ಕಟ್ಟಿಸಿಕೊಡಿ ಎಂದು ಮಳಿಗೆಯ ಮಾಲೀಕರನ್ನು ಕೇಳಿದ್ದೂ ಉಂಟು. ಯಾಕೆ ಎಂದರು. ಗೆದ್ದಲು ಎಂದೆ.

ಸರೋಜಕ್ಕ ನರಸಿಂಹರಾಜಪುರದ ಕಡೆಯವರು. ಹಣೆಗೆ ವಿಭೂತಿ, ಕೊರಳಿಗೆ ಅಳತೆ ಟೇಪು, ತುಟಿಗಳ ನಡುವೆ ಗುಂಡುಪಿನ್ನು. ಆ ಪಿನ್ನುಗಳನ್ನು ಕಚ್ಚಿಕೊಂಡೇ ಅವರು ಮಾತಾಡುತ್ತಿದ್ದರು, ನಗುತ್ತಿದ್ದರು, ಒಮ್ಮೊಮ್ಮೆ ಎಲೆಯಡಿಕೆಯನ್ನೂ ಹಾಕಿಕೊಳ್ಳುತ್ತಿದ್ದರು. ನೋಡುತ್ತಿದ್ದ ನನಗೆ ಗಂಟಲು ಚುಚ್ಚುತ್ತಿತ್ತು. ಹೇಳಿದ ದಿನಕ್ಕೆ ಅವರು ಬ್ಲೌಸ್ ಕೊಟ್ಟದ್ದನ್ನು ನಾನು ಕಂಡಿಲ್ಲ. ಕೇಳಿದರೆ, “ಹುಕ್ಕು ಒಂದು ಬಾಕಿ, ಕೂತ್ಕೊಳಿ” ಎನ್ನುತ್ತಿದ್ದರು. ಆ ಒಂದು ಹುಕ್ಕಿನಲ್ಲಿ ಮುಕ್ಕಾಲು ಸಿನಿಮಾ ಮುಗಿಯುತ್ತಿತ್ತು. ಹೆಂಗಸರಿಗೂ ಬೇಕಾದದ್ದು ಅದೇ. ಮೇಗುಂದದಿಂದ ಬರುತ್ತಿದ್ದ ಒಬ್ಬರಂತೂ ಬ್ಲೌಸ್ ಸಿದ್ಧವಾಗಿದ್ದ ದಿನ ಮುಖ ಸಣ್ಣ ಮಾಡಿಕೊಂಡು, ತೋಳು ಸ್ವಲ್ಪ ಬಿಗಿಯಾಯಿತು ಎಂದು ವಾಪಸು ಕೊಟ್ಟು ಹೋಗಿದ್ದರು.

ನನ್ನ ಸ್ಥಿತಿ ಅವರಿಗೆ ಗೊತ್ತಿತ್ತು. ಗೊತ್ತಿದ್ದರಿಂದಲೇ ದೆವ್ವ ಬರುವ ಹೊತ್ತಿಗೆ ಹಲಗೆಗೆ ಒಂದು ಬಾರಿ ಕತ್ತರಿಯಿಂದ ತಟ್ಟುತ್ತಿದ್ದರು. ಇಷ್ಟು ಹೆದರಿಸುವುದು ಸರಿಯಾ ಅಕ್ಕ ಎಂದು ಒಮ್ಮೆ ಕೇಳಿದ್ದಕ್ಕೆ ಸಿಕ್ಕ ಉತ್ತರ ಇದು: “ಹೆದರಿಕೆ ಅಂದ್ರೂ ಬ್ಲೌಸ್ ಹಂಗೇ ಮಾರಾಯ. ಅಳತೆಗೆ ಸರಿಯಾಗಿ ಕೂರಬೇಕು. ಸಡ್ಲ ಆದ್ರೆ ಜನ ನಗಾಡ್ತಾರೆ, ಬಿಗಿ ಆದ್ರೆ ಎದ್ದು ಹೋಗ್ತಾರೆ. ನಿಂಗೆ ಹೊಲಿಯೋದೇ ಕಷ್ಟ. ನೀನು ಟೇಪ್ ಹಿಡಿದ್ರೇ ಬೆವರ್ತೀಯ.”

ಅವರು ಹೇಳುತ್ತಿದ್ದುದು ಒಂದೇ ಸಿನಿಮಾ. ಅದರ ಹೆಸರು ನಾನು ಹೇಳುವುದಿಲ್ಲ. ತೆಗೆದವರ ಮೊಮ್ಮಕ್ಕಳು ಎಲ್ಲಾದರೂ ಇದ್ದು, ಅವರಲ್ಲೊಬ್ಬ ವಕೀಲನಾಗಿದ್ದರೆ ಎಂಬ ಭಯ. ಕಪ್ಪುಬಿಳುಪಿನ ಕಾಲದ್ದು. ಹೊಳೆದಂಡೆಯ ದೊಡ್ಡ ಮನೆ, ಬಾವಿಗೆ ಬಿದ್ದು ಸತ್ತ ಮೊದಲ ಹೆಂಡತಿ, ಎರಡನೆಯವಳಾಗಿ ಬಂದ ಹೊಸ ಸೊಸೆ. ಮೊದಲು ಟಪ್ ಟಪ್ ಎಂದು ನೀರು ತೊಟ್ಟಿಕ್ಕುವ ಸದ್ದು. ನೋಡಿದರೆ ಬಾವಿಯಿಂದ ಎದ್ದು ಬಂದ ಒದ್ದೆ ಹೆಜ್ಜೆಗಳು ಪಡಸಾಲೆ ದಾಟಿ, ಗೋಡೆ ಹತ್ತಿ, ಮುಚ್ಚಿಗೆಯ ಮೇಲೆ ತಲೆಕೆಳಗಾಗಿ ನಡೆದು ಹೋಗುತ್ತವೆ. ಆಮೇಲೆ ಅಡುಗೆಮನೆಯ ಕತ್ತಲಲ್ಲಿ ಕರಕರ ಸದ್ದು. ಸತ್ತವಳು ತುರಿಮಣೆಯ ಮೇಲೆ ಕೂತಿದ್ದಾಳೆ. ಅವಳ ಕೈಯಲ್ಲಿರುವುದಕ್ಕೆ ಜುಟ್ಟೇನೋ ಇದೆ, ಆದರೆ ಅದು ತೆಂಗಿನಕಾಯಲ್ಲ. ಮತ್ತೆ ಗೆಜ್ಜೆ. ಝಣ್ ಝಣ್ ಎಂದು ಹತ್ತಿರ ಬಂದು ನಿಲ್ಲುತ್ತದೆ. ಸೊಸೆ ಸುತ್ತ ನೋಡಿದರೆ ಯಾರೂ ಇಲ್ಲ. ಮೇಲೆ ನೋಡಿದರೆ ತೊಲೆಗೆ ಪಾದ ಸಿಕ್ಕಿಸಿಕೊಂಡು ಬಾವಲಿಯ ಹಾಗೆ ತೂಗುತ್ತಿದ್ದಾಳೆ, ಕೂದಲು ನೆಲ ಗುಡಿಸುತ್ತಿದೆ. ಕೊನೆಗೆ, ಕೊಲ್ಲಲೆಂದೇ ಕೋಣೆಗೆ ಬಂದ ದೆವ್ವ, ಮಲಗಿದ ಸೊಸೆಯ ಕಾಲ ಬುಡಕ್ಕೆ ಜಾರಿದ ಕಂಬಳಿಯನ್ನು ಎತ್ತಿ ಅವಳಿಗೆ ಹೊದೆಸಿ, ಸದ್ದಿಲ್ಲದೆ ಬಾವಿಗೆ ವಾಪಸು ಹೋಗುತ್ತದೆ.

ಈ ಕಂಬಳಿಯ ಜಾಗಕ್ಕೆ ಬಂದಾಗ ಸರೋಜಕ್ಕನ ದನಿ ಮೆತ್ತಗಾಗುತ್ತಿತ್ತು. ಅಲ್ಲಿಯವರೆಗೆ ಹೆದರಿ ಕುಗ್ಗಿದ್ದ ಹೆಂಗಸರು ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಿದ್ದರು. ಆದರೆ ಎಲ್ಲರೂ ಕಂಬಳಿಯವರೆಗೆ ತಲುಪುತ್ತಿರಲಿಲ್ಲ. ಕಾಲೇಜಿಗೆ ಹೊಸದಾಗಿ ಬಂದಿದ್ದ ಉಪನ್ಯಾಸಕಿಯೊಬ್ಬರು, ನಾನು ಇಂಥದ್ದನ್ನೆಲ್ಲ ನಂಬುವವಳಲ್ಲ ಎಂದು ಮೊದಲೇ ಹೇಳಿ ಅಳತೆ ನೋಡಲು ನಿಂತವರು, ತುರಿಮಣೆಯ ಹೊತ್ತಿಗೆ ಒಂದೇ ತೋಳಿನ ಬ್ಲೌಸಿನಲ್ಲಿ ಸೆರಗು ಸುತ್ತಿಕೊಂಡು ನನ್ನ ಅಂಗಡಿಯೊಳಗೆ ಬಂದು ನಿಂತಿದ್ದರು. ಅವರು ನನ್ನನ್ನು ನೋಡಿ ಕಿರುಚಿದರು, ನಾನು ಅವರನ್ನು ನೋಡಿ ಕಿರುಚಿದೆ. ಹಲಗೆಯ ಆಚೆ ಸರೋಜಕ್ಕ ಪಿನ್ನು ಕಚ್ಚಿಕೊಂಡೇ ನಗುತ್ತಿದ್ದರು.

ಅವರ ಗಂಡ ರುದ್ರಪ್ಪಣ್ಣ ಆ ಹೊತ್ತಿಗೆ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಹೆಸರಿನಲ್ಲಿ ರುದ್ರ ಇದ್ದದ್ದು ಬಿಟ್ಟರೆ ಅವರಷ್ಟು ಸದ್ದಿಲ್ಲದ ಮನುಷ್ಯನನ್ನು ಕೊಪ್ಪ ಕಂಡಿಲ್ಲ. ಅಡಿಕೆ ಮಂಡಿಯಲ್ಲಿ ಮೂಟೆ ತೂಗುವ ಕೆಲಸ. ದಿನವಿಡೀ ಅವರ ಬಾಯಿಂದ ಹೊರಡುತ್ತಿದ್ದುದು ತೂಕದ ಅಂಕಿ ಮಾತ್ರ. ದಾರಿಯಲ್ಲಿ ಸಿಕ್ಕಿ ಚೆನ್ನಾಗಿದ್ದೀರಾ ಎಂದರೆ ತಲೆಯಾಡಿಸುತ್ತಿದ್ದರು. ಮಳೆ ಜೋರು ಎಂದರೂ ತಲೆಯಾಡಿಸುತ್ತಿದ್ದರು. ಕೊಡೆ ಮರೆತು ನೆನೆಯುತ್ತಿದ್ದೀರಿ ಎಂದರೂ ಅಷ್ಟೇ. ಮದುವೆಯಾದ ಹೊಸದರಲ್ಲಿ ನರಸಿಂಹರಾಜಪುರದ ಟೆಂಟಿನಲ್ಲಿ ಸರೋಜಕ್ಕನನ್ನು ಕೂರಿಸಿಕೊಂಡು ಆ ಸಿನಿಮಾ ತೋರಿಸಿದವರು ಅವರೇ. “ನಮ್ಮನೆಯವರ ಸಂಗಡ ನೋಡಿದ್ದು” ಎಂಬ ಮಾತು ಬಾರದೆ ಕಥೆ ಶುರುವಾಗುತ್ತಿರಲಿಲ್ಲ.

ಹೀಗಿರುವಾಗ ಎರಡು ಸಾವಿರದ ಐದೋ ಆರೋ ಇಸವಿಯಲ್ಲಿ ಆ ಸಿನಿಮಾವನ್ನು ಯಾರೋ ಬಣ್ಣದಲ್ಲಿ ಹೊಸದಾಗಿ ತೆಗೆದರು. ಕೊಪ್ಪದ ಟಾಕೀಸಿಗೆ ಬಂತು. ಜನ ಎಂದೂ ಇಲ್ಲದ ಹಾಗೆ ನುಗ್ಗಿದರು. ಕಾರಣ ಅದರ ಪೋಸ್ಟರಲ್ಲ, ಸರೋಜಕ್ಕ. ಇಪ್ಪತ್ತು ವರ್ಷ ಕಿವಿಯಲ್ಲಿ ಕೇಳಿದ್ದನ್ನು ಕಣ್ಣಲ್ಲಿ ನೋಡುವ ಆಸೆ ಎಲ್ಲರಿಗೂ.

ನೋಡಿ ಬಂದವರೆಲ್ಲ ನೇರ ಟೈಲರ್ ಅಂಗಡಿಗೆ ಬಂದು ದೂರು ಹೇಳಿದರು. ದೆವ್ವ ಬ್ಯೂಟಿ ಪಾರ್ಲರಿನಿಂದ ಎದ್ದು ಬಂದ ಹಾಗಿದೆ, ಬಾವಿಯಿಂದ ಬಂದವಳ ಕೂದಲು ಅಷ್ಟು ನೇರವಾಗಿ ಹೇಗಿರುತ್ತದೆ ಎಂದರು ಒಬ್ಬರು. ಮೇಗುಂದದವರಿಗೆ ಹಾಡಿನ ಮೇಲೆ ಸಿಟ್ಟು. ಬಾವಿಯ ದೆವ್ವಕ್ಕೆ ಹಿಮದಲ್ಲಿ ಏನು ಕೆಲಸ ಎಂದು ಅವರ ಪ್ರಶ್ನೆ. ಒದ್ದೆ ಹೆಜ್ಜೆ ಇಲ್ಲ, ತುರಿಮಣೆ ಇಲ್ಲ, ತೊಲೆ ಇದ್ದರೂ ಅದಕ್ಕೆ ಯಾರೂ ನೇತಾಡುತ್ತಿಲ್ಲ. ಕಂಬಳಿಯ ಜಾಗದಲ್ಲಿ ಮಂತ್ರವಾದಿಯೊಬ್ಬ ಅಂಗೈಯಿಂದ ನೀಲಿ ಬೆಳಕು ಬಿಟ್ಟು ದೆವ್ವವನ್ನು ಸುಟ್ಟು ಹಾಕುತ್ತಾನೆ. ಶೃಂಗೇರಿಯಿಂದ ನೆಂಟರ ಮನೆಗೆ ಬಂದಿದ್ದವರೊಬ್ಬರು, ಆ ಮಂತ್ರವಾದಿಯ ಉಚ್ಚಾರಕ್ಕೆ ದೆವ್ವ ಓಡುವುದಿರಲಿ, ತಿದ್ದಿ ಹೇಳಿಕೊಡಲು ಹತ್ತಿರ ಬರುತ್ತದೆ ಎಂದರು. ಕಾಲೇಜು ಹುಡುಗರಿಗೆ ಮಾತ್ರ ಹಿಡಿಸಿತ್ತು. ಅಡಿಕೆ ವ್ಯಾಪಾರಿಯೊಬ್ಬರು ಚೆನ್ನಾಗಿ ನಿದ್ದೆ ಬಂತು, ಟಿಕೆಟ್ಟಿಗೆ ಮೋಸ ಇಲ್ಲ ಎಂದರು. ಒಟ್ಟು ತೀರ್ಪು ಒಂದೇ: ಒರಿಜಿನಲ್ ಮುಂದೆ ಇದು ಏನೂ ಅಲ್ಲ.

ಒರಿಜಿನಲ್ ನೋಡಿದವರು ಯಾರು ಎಂದು ಯಾರೂ ಕೇಳಲಿಲ್ಲ. ನರಸಿಂಹರಾಜಪುರದ ಹಿರಿಯರೊಬ್ಬರು ತಾನೂ ಅದೇ ಟೆಂಟಿನಲ್ಲಿ ನೋಡಿದ್ದಾಗಿ ಹೇಳಿ, ಆ ಕಂಬಳಿಯನ್ನು ಹೇಗೆ ಮರೆಯುವುದು ಎಂದು ಕಣ್ಣೊರೆಸಿಕೊಂಡರು. ನಾನು ಹೆಂಡತಿಯ ಬಲವಂತಕ್ಕೆ ಹೊಸತನ್ನು ನೋಡಿದ್ದೆ. ಅರ್ಧ ಬೆರಳ ಸಂದಿಯಲ್ಲಿ ನೋಡಿದೆ. ಉಳಿದರ್ಧ ಹೊತ್ತು ಬಾಗಿಲ ಮೇಲಿನ ಕೆಂಪು ದೀಪವನ್ನು ನೋಡಿದೆ. ಆದರೂ ಕೇಳಿದವರಿಗೆಲ್ಲ ಹಳೆಯದರ ತೂಕವೇ ಬೇರೆ ಎಂದು ಹೇಳುತ್ತಿದ್ದೆ. ಸರೋಜಕ್ಕ ಹೊಸದನ್ನು ನೋಡಲು ಹೋಗಲೇ ಇಲ್ಲ. ಒಂದು ಸಲ ನೋಡಿಯಾಗಿದೆಯಲ್ಲ ಎಂದರು.

ಎರಡನೇ ವಾರಕ್ಕೆ ಟಾಕೀಸು ಖಾಲಿ ಹೊಡೆಯಿತು. ಟಾಕೀಸನ್ನು ಗುತ್ತಿಗೆಗೆ ಹಿಡಿದಿದ್ದವರ ಭಾವಮೈದುನ ಪ್ರಕಾಶ ನಮ್ಮ ಎದುರಿಗೇ ಸಿ.ಡಿ. ಬಾಡಿಗೆಯ ಅಂಗಡಿ ಇಟ್ಟಿದ್ದ. ಅವನು ರಸ್ತೆ ದಾಟಿ ಬಂದ.

“ಸರೋಜಕ್ಕ, ನಿಮ್ಮ ಬಾಯಿಂದ ನಮ್ಮ ಭಾವನ ಸಿನಿಮಾ ಮಲಗಿತು.”

“ನಾನೆಂತ ಮಾಡ್ದೆ ಮಾರಾಯ? ನಿಮ್ಮ ದೆವ್ವ ಹಿಮದಲ್ಲಿ ಕುಣಿದಿದ್ದಕ್ಕೆ ನಾನಾ ಹೊಣೆ?”

“ಹಳೇದ್ರಲ್ಲಿ ಅದೆಲ್ಲ ಇದ್ದಿದ್ದು ಹೌದನಾ? ಶಿವಮೊಗ್ಗದಲ್ಲಿ ಅದರ ಸಿ.ಡಿ. ಇದೆಯಂತೆ. ತರಿಸ್ತೀನಿ. ಎಲ್ಲಾರೂ ಒಟ್ಟಿಗೆ ನೋಡಣ.”

“ತರಿಸು. ನಮ್ಮ ಅಂಗಡಿಯಲ್ಲೇ ಹಾಕು” ಎಂದರು ಸರೋಜಕ್ಕ. ಭಾನುವಾರ ಮಧ್ಯಾಹ್ನ ಎಂದು ನಿಗದಿಯಾಯಿತು. ಕರೆಂಟು ಹೋದರೆ ಇರಲಿ ಎಂದು ನನ್ನ ಯುಪಿಎಸ್ಸನ್ನು ಕೇಳಿದರು. ಅದರ ಬ್ಯಾಟರಿಯ ಬಗ್ಗೆ ನನಗೆ ಅಂದಿನಿಂದಲೇ ಚಿಂತೆ ಹತ್ತಿತು. ನಿಜವಾಗಿ ಚಿಂತಿಸಬೇಕಾದ ವಿಷಯ ಬೇರೆ ಇತ್ತು ಎಂದು ಗೊತ್ತಾದದ್ದು ಶನಿವಾರ.

ಶನಿವಾರ ಬಾಗಿಲು ಹಾಕುವ ಹೊತ್ತಿಗೆ ಸರೋಜಕ್ಕ ನನ್ನ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತರು. ಬಾಯಲ್ಲಿ ಪಿನ್ನು ಇರಲಿಲ್ಲ. ಯಾರಿಗೂ ಹೇಳಬೇಡ ಎಂದು ಶುರು ಮಾಡಿದರು. ಆ ಸಿನಿಮಾವನ್ನು ಅವರು ನೋಡಿರಲಿಲ್ಲ. ಟೆಂಟಿನ ನೆಲದ ಮೇಲೆ ಕೂತಿದ್ದರು, ಸಿನಿಮಾ ಶುರುವಾಗಿತ್ತು, ಮೊದಲ ಟಪ್ ಟಪ್ ಕೇಳಿದ್ದೇ ಗಂಡನ ಭುಜಕ್ಕೆ ಮುಖ ಒತ್ತಿ ಕಣ್ಣು ಮುಚ್ಚಿದವರು ಮತ್ತೆ ತೆರೆಯಲಿಲ್ಲ. ಟೆಂಟಿನ ಹರುಕು ಲೌಡ್‌ಸ್ಪೀಕರಿನಲ್ಲಿ ಮಾತು ಅರ್ಥವಾಗುವ ಹಾಗಿರಲಿಲ್ಲ, ಸದ್ದು ಮಾತ್ರ ಎದೆಗೆ ಬಡಿಯುತ್ತಿತ್ತು. ಒಂದೊಂದು ಸದ್ದು ಬಂದಾಗಲೂ ಅವರು ಏನಾಯ್ತು ಏನಾಯ್ತು ಎಂದು ಕೇಳುವುದು, ರುದ್ರಪ್ಪಣ್ಣ ಬಗ್ಗಿ ಕಿವಿಯಲ್ಲಿ ಹೇಳುವುದು. ಕೊನೆಯ ರೀಲಿಗೆ ಮೊದಲೇ, ನೂಕುನುಗ್ಗಲಾಗುತ್ತದೆ ಬಾ ಎಂದು ಎಬ್ಬಿಸಿಕೊಂಡು ಹೊರಟಿದ್ದರು. ಕೊನೆ ಏನಾಗುತ್ತದೆಂದು ತನಗೆ ಗೊತ್ತು ಎಂದು ಕಂಬಳಿಯ ಕಥೆಯನ್ನು ದಾರಿಯಲ್ಲಿ ನಡೆಯುತ್ತ ಹೇಳಿದರು.

“ಸಿನಿಮಾ ಹಾಳಾಗಿ ಹೋಗ್ಲಿ” ಎಂದರು ಸರೋಜಕ್ಕ. “ಆ ಮನುಷ್ಯ ನನ್ನ ಹತ್ರ ಬಾಯಿಬಿಟ್ಟು ಅಷ್ಟು ಮಾತಾಡಿದ್ದು ಅದೊಂದೇ ದಿನ. ಆಮೇಲೆ ಉಪ್ಪು ಸಾಲ್ದು ಅಂತ ಹೇಳೋಕೂ ಕೈಸನ್ನೆ. ಅವರು ನನ್ನ ಮಂಗ ಮಾಡಿದ್ದಲ್ಲ ಅಂತ ನಾಳೆ ಗೊತ್ತಾದ್ರೆ ಸಾಕು.”

ನಾನು ಮಾಡಬಹುದಾದದ್ದು ಒಂದಿತ್ತು. ಯುಪಿಎಸ್ ಕೆಟ್ಟಿದೆ ಎನ್ನಲೇ ಎಂದು ಕೇಳಿದೆ. ನಿನ್ನ ಮುಖ ನೋಡಿದರೆ ಯಾರಾದರೂ ನಂಬುತ್ತಾರೆ, ಆದರೆ ಬೇಡ ಎಂದರು.

ಭಾನುವಾರ ಕತ್ತರಿಸುವ ಮೇಜಿನ ಮೇಲೆ ಪ್ರಕಾಶನ ಟಿವಿ ಕೂತಿತು. ಹೆಂಗಸರು ಒಳಗೆ, ಗಂಡಸರು ಬಾಗಿಲಲ್ಲಿ ಮತ್ತು ರಸ್ತೆಯಲ್ಲಿ. ಸರೋಜಕ್ಕ ಮೆಷಿನ್ನಿನ ಹಿಂದೆ ಎಂದಿನ ಜಾಗದಲ್ಲೇ ಕೂತಿದ್ದರು. ನಾನು ಯುಪಿಎಸ್ ಪಕ್ಕದಲ್ಲಿದ್ದೆ. ಅದಕ್ಕೆ ನನ್ನ ಅವಶ್ಯಕತೆ ಇತ್ತೆಂದಲ್ಲ, ಅಲ್ಲಿಂದ ಟಿವಿ ಓರೆಯಾಗಿ ಕಾಣುತ್ತಿತ್ತು.

ಹೊಳೆದಂಡೆಯ ಮನೆ ಬಂತು. ಸೊಸೆ ಬಂದಳು. ಟಪ್ ಟಪ್ ಎಂದು ಸದ್ದು ಬಂತು, ಅಂಗಡಿ ಉಸಿರು ಬಿಗಿಹಿಡಿಯಿತು. ತೆರೆಯ ಮೇಲೆ ಬಚ್ಚಲುಮನೆಯ ಹಂಡೆ ಸೋರುತ್ತಿತ್ತು. ಸೊಸೆ ಅದರ ಅಡಿಗೆ ಒಂದು ಚೊಂಬು ಇಟ್ಟು ಹೋದಳು. ಹೆಜ್ಜೆ ಈಗ ಬರುತ್ತೆ ನೋಡಿ ಎಂದು ಯಾರೋ ಪಿಸುಗುಟ್ಟಿದರು. ಬರಲಿಲ್ಲ. ಕರಕರ ಸದ್ದು ಬಂದಾಗ ಅಡುಗೆಭಟ್ಟ ನಿಜವಾಗಿಯೂ ತೆಂಗಿನಕಾಯಿ ತುರಿಯುತ್ತಿದ್ದ. ತುರಿಯುತ್ತ ತುರಿಯುತ್ತ ಕದ್ದು ತಿನ್ನುತ್ತಿದ್ದ. ಬಾಗಿಲಲ್ಲಿದ್ದ ಗಂಡಸರು ನಗಲು ಶುರು ಮಾಡಿದರು. ಗೆಜ್ಜೆಯ ಝಣ್ ಝಣ್ ಕತ್ತಲ ಓಣಿಯಲ್ಲಿ ಹತ್ತಿರ ಬಂತು, ನಿಂತಿತು. ಕೊರಳಿಗೆ ಗೆಜ್ಜೆ ಕಟ್ಟಿದ ಒಂದು ಆಡು ಪಡಸಾಲೆಗೆ ಬಂದು ಜಗಲಿಯ ಮೇಲಿದ್ದ ಬಾಳೆಹಣ್ಣು ತಿಂದಿತು.

ಅಷ್ಟರಲ್ಲಿ ಕರೆಂಟು ಹೋಯಿತು. ಯುಪಿಎಸ್ ಕಿಂಯ್ ಕಿಂಯ್ ಎಂದು ಅರಚತೊಡಗಿತು. ನಾನು ಸರೋಜಕ್ಕನ ಮುಖ ನೋಡಿದೆ. ಆ ಮುಖವನ್ನು ಅಲ್ಲಿಯವರೆಗೆ ಹಲವು ಬಣ್ಣಗಳಲ್ಲಿ ನೋಡಿದ್ದೆ, ಅದು ಅಷ್ಟು ಚಿಕ್ಕದಾಗಿದ್ದನ್ನು ನೋಡಿರಲಿಲ್ಲ. ನನ್ನ ಕೈ ಸ್ವಿಚ್ಚಿನ ಮೇಲಿತ್ತು. ಅವರು ಅದನ್ನು ಕಂಡರು.

“ಬೇಡ ಮಾರಾಯ. ಇರ್ಲಿ, ಪೂರ್ತಿ ಆಗ್ಲಿ.”

ಪೂರ್ತಿಯಾಯಿತು. ಕೊನೆಯ ರೀಲಿನಲ್ಲಿ ಕಂಬಳಿ ಇರಲಿಲ್ಲ. ದೆವ್ವವೇ ಇರಲಿಲ್ಲ. ಆಸ್ತಿ ಹೊಡೆಯಲು ಮಾವನೇ ಬಿಳಿ ಸೀರೆ ಉಟ್ಟು ಓಡಾಡುತ್ತಿದ್ದ. ನಾಯಕ ಅವನ ಚೌರಿ ಕೂದಲು ಕಿತ್ತಾಗ ಪೊಲೀಸ್ ಜೀಪು ಬಂತು. ಹೊಸ ಸಿನಿಮಾದವರು ದೆವ್ವವನ್ನಾದರೂ ಇಟ್ಟಿದ್ದರು ಎಂದು ಕಾಲೇಜು ಹುಡುಗನೊಬ್ಬ ನ್ಯಾಯ ಹೇಳಿದ. ಜನ ನಕ್ಕು ಎದ್ದರು. ಕೆಟ್ಟ ಮನಸ್ಸಿನಿಂದ ನಕ್ಕರೆಂದು ಹೇಳಲಾರೆ. ಇಪ್ಪತ್ತು ವರ್ಷ ಹೆದರಿದ್ದರ ನಗು ಅದು, ಸ್ವಲ್ಪ ಜೋರಾಗಿಯೇ ಬಂತು. ಸರೋಜಕ್ಕ, ಆಡು ಯಾವ ತೊಲೆಗೆ ನೇತಾಡ್ತಿತ್ತು ಎಂದು ಹೋಗುವವರೊಬ್ಬರು ಕೇಳಿದರು. ಕಂಬಳಿಗೆ ಕಣ್ಣೊರೆಸಿಕೊಂಡಿದ್ದ ನರಸಿಂಹರಾಜಪುರದ ಹಿರಿಯರು, ತನಗೆ ಮೊದಲೇ ಅನುಮಾನವಿತ್ತು ಎಂದರು.

ಮಾರನೆಯ ದಿನದಿಂದ ಹಲಗೆಯ ಆಚೆ ಮೆಷಿನ್ನು ಒಂದೇ ವೇಗದಲ್ಲಿ ಓಡತೊಡಗಿತು. ಬ್ಲೌಸುಗಳು ಹೇಳಿದ ದಿನಕ್ಕೆ ಸಿದ್ಧವಾದವು. ಇದಕ್ಕಿಂತ ಭಯಾನಕವಾದದ್ದನ್ನು ನಾನು ಆ ಅಂಗಡಿಯಲ್ಲಿ ಕಂಡಿರಲಿಲ್ಲ. ಹೆಂಗಸರು ಬ್ಲೌಸ್ ತೆಗೆದುಕೊಂಡು ಎರಡು ನಿಮಿಷ ನಿಂತು, ಏನೂ ತೋಚದೆ ಹೋಗುತ್ತಿದ್ದರು. ಪ್ರಕಾಶನೂ ಮುಖ ಎತ್ತಿ ಓಡಾಡುತ್ತಿರಲಿಲ್ಲ. ಗೆದ್ದವನು ಅವನು, ಆದರೆ ಅವನ ಹೆಂಡತಿ ಎರಡು ದಿನ ಮಾತು ಬಿಟ್ಟಿದ್ದಳಂತೆ. ನಾನು ಹಲಗೆಗೆ ಕಿವಿ ಕೊಟ್ಟು ಕೂತಿರುತ್ತಿದ್ದೆ. ಹೆದರಿಸಲಿ ಎಂದು ಯಾರಾದರೂ ಕಾಯುವುದುಂಟೆ? ನಾನು ಕಾದೆ.

ಆ ವಾರದ ಕೊನೆಗೆ ಅವರು ಸಿ.ಡಿ. ಹಿಡಿದು ನನ್ನ ಅಂಗಡಿಗೆ ಬಂದರು. ಪ್ರಕಾಶ ಕೇಳಿದ ತಕ್ಷಣ ಕೊಟ್ಟನಂತೆ. ನಿನ್ನ ಕಂಪ್ಯೂಟರಿನಲ್ಲಿ ಹಾಕು ಎಂದರು. ಮತ್ತೆ ಯಾಕೆ ಅಕ್ಕ, ಮನಸ್ಸಿಗೆ ಬೇಜಾರು ಎಂದೆ.

“ನಮ್ಮನೆಯವರು ಸುಳ್ಳು ಹೇಳೋರಲ್ಲ ಮಾರಾಯ. ಅಡಿಕೆ ತೂಕದಲ್ಲಿ ಒಂದು ಗ್ರಾಂ ಆಚೀಚೆ ಮಾಡಿದವರಲ್ಲ. ನನ್ನ ಮಂಗ ಮಾಡೋಕೆ ಅಂತ ಹೇಳಿದ್ದಾದ್ರೆ ಒಂದು ದಿನನಾದ್ರೂ ಹೇಳಿ ನಗ್ತಿದ್ರು. ಎಲ್ಲೋ ಒಂದು ಹೊಲಿಗೆ ತಪ್ಪಿದೆ.”

ಅವರು ಕಂಪ್ಯೂಟರಿಗೆ ಬೆನ್ನು ಹಾಕಿ, ಗೋಡೆಯ ಕಡೆ ಮುಖ ಮಾಡಿ ಸ್ಟೂಲಿನಲ್ಲಿ ಕೂತು ಕಣ್ಣು ಮುಚ್ಚಿದರು. ನಾನು ಹಾಕಿದೆ. ಟಪ್ ಟಪ್ ಎಂದಿತು. “ಹೆಜ್ಜೆ” ಎಂದರು ಸರೋಜಕ್ಕ. “ಪಡಸಾಲೆ ದಾಟ್ತು... ಗೋಡೆ ಹತ್ತುತ್ತಾ ಇದೆ.” ಹಂಡೆಯಿಂದ ಹನಿ ಚೊಂಬಿಗೆ ಬೀಳತೊಡಗಿ ಸದ್ದು ಬದಲಾದದ್ದು ಸರಿಯಾಗಿ ಅಲ್ಲೇ. ಕರಕರ ಎಂದಿತು.

“ತುರಿಮಣೆ ಮೇಲೆ ಕೂತಿದಾಳೆ. ಕೈಯಲ್ಲಿ ತಲೆ.”

ಅಡುಗೆಭಟ್ಟ ಕಾಯಿ ಕದ್ದು ತಿನ್ನುವುದು ನನ್ನ ಕಣ್ಣೆದುರಿಗೆ ಕಾಣುತ್ತಿತ್ತು. ಆದರೂ ನನ್ನ ಬೆನ್ನಿನ ರೋಮ ನಿಂತಿತು. ಅಂದಿನಿಂದ ಇಂದಿನವರೆಗೂ ಮನೆಯಲ್ಲಿ ಕಾಯಿ ತುರಿಯುವ ಸದ್ದು ಕೇಳಿದರೆ ನಾನು ಅಂಗಳಕ್ಕೆ ಹೋಗುತ್ತೇನೆ. ಝಣ್ ಝಣ್ ಬಂದು ನಿಂತಾಗ ಸರೋಜಕ್ಕ ತೊಲೆಯ ಮಾತು ಹೇಳಲಿಲ್ಲ. ಆಮೇಲೆ ಅವರ ಭುಜ ಅಲುಗತೊಡಗಿತು. ಅಳುತ್ತಿದ್ದಾರೆ ಎಂದುಕೊಂಡು ನಾನು ಮೌಸ್ ಹುಡುಕುತ್ತಿದ್ದರೆ, ಅವರು ತಿರುಗಿದರು. ನಗುತ್ತಿದ್ದರು. ಕಣ್ಣಲ್ಲಿ ನೀರು ಬರುವಷ್ಟು ನಗು.

“ಅವರೂ ಕಣ್ಣು ಮುಚ್ಕೊಂಡೇ ಕೂತಿದ್ದು ಮಾರಾಯ!”

ನನಗೆ ಅರ್ಥವಾಗಲಿಲ್ಲ. ಅವರೇ ಬಿಡಿಸಿ ಹೇಳಿದರು. ಸದ್ದೆಲ್ಲ ಸರಿಯಾಗಿದೆ, ಒಂದೂ ಆಚೀಚೆ ಆಗಿಲ್ಲ; ಚಿತ್ರ ಮಾತ್ರ ಬೇರೆ. ಆಡನ್ನು ಕಂಡಿದ್ದರೆ ಆ ಮನುಷ್ಯ ಆಡು ಎಂದೇ ಹೇಳುತ್ತಿದ್ದರು. ಕಂಡಿಲ್ಲ. ಹೊಸ ಹೆಂಡತಿ ಭುಜಕ್ಕೆ ಒರಗಿ ಏನಾಯ್ತು ಏನಾಯ್ತು ಎಂದು ಕೇಳುತ್ತಿದ್ದಾಳೆ. ನಾನೂ ಕಣ್ಣು ಮುಚ್ಚಿದ್ದೇನೆ, ಗೊತ್ತಿಲ್ಲ ಎಂದು ಗಂಡಸಾದವನು ಹೇಳುವುದು ಹೇಗೆ? ಕಿವಿಗೆ ಬಿದ್ದ ಸದ್ದಿಗೆ ಮನಸ್ಸಿಗೆ ಬಂದ ಹೆದರಿಕೆಯನ್ನು ಹೊಲಿದು ಕೊಟ್ಟಿದ್ದಾರೆ. ಅಂದು ಟೆಂಟಿನಲ್ಲಿ ಅವರ ಕೈ ಹಿಡಿದಾಗ ಒದ್ದೆ ಒದ್ದೆ ಇತ್ತಂತೆ. ತನ್ನದೇ ಬೆವರು ಎಂದುಕೊಂಡು ಸರೋಜಕ್ಕ ನಾಚಿ ಸೆರಗಿಗೆ ಒರೆಸಿಕೊಂಡಿದ್ದರಂತೆ. ಕೊನೆಯ ರೀಲಿಗೆ ಮೊದಲೇ ಎದ್ದದ್ದೂ ನೂಕುನುಗ್ಗಲಿಗಲ್ಲ.

“ಮತ್ತೆ ಕಂಬಳಿ?” ಎಂದೆ.

“ಮನೆಗೆ ಕತ್ತಲಲ್ಲಿ ನಡ್ಕೊಂಡು ಹೋಗ್ಬೇಕಿತ್ತಲ್ಲ. ದಾರಿ ಬದಿಗೇ ಒಂದು ಬಾವಿ ಇತ್ತು. ನಂಗೆ ಧೈರ್ಯ ಬರ್ಲಿ ಅಂತ ಹೇಳಿದ್ದು ಅಂದ್ಕೊಂಡಿದ್ದೆ ಇಷ್ಟು ದಿನ. ಈಗ ನೋಡಿದ್ರೆ ಅವರಿಗೇ ಬೇಕಾಗಿತ್ತು ಆ ಕಂಬಳಿ.”

ಮುಂದಿನ ವಾರದಿಂದ ಬ್ಲೌಸುಗಳು ಮತ್ತೆ ತಡವಾಗತೊಡಗಿದವು. ಈಗ ಕಥೆಯಲ್ಲಿ ಸಿನಿಮಾದ ಜೊತೆಗೆ ಟೆಂಟೂ ಸೇರಿತ್ತು: ಕಣ್ಣು ಮುಚ್ಚಿ ಕೂತ ಹೆಂಡತಿ, ಕಣ್ಣು ಮುಚ್ಚಿ ಕೂತು ವಿವರ ಕೊಡುತ್ತಿರುವ ಗಂಡ. ಹೆಂಗಸರು ಹೆದರುವ ಜಾಗದಲ್ಲಿ ಹೆದರಿ, ನಗುವ ಜಾಗದಲ್ಲಿ ಬಿದ್ದು ಬಿದ್ದು ನಗುತ್ತಿದ್ದರು. ಮೂರರಲ್ಲಿ ಯಾವುದು ಚೆನ್ನ ಎಂದು ಬಾಳಗಡಿಯಲ್ಲಿ ಯಾರನ್ನು ಕೇಳಿದರೂ ಹೊಸದೂ ಅಲ್ಲ, ಹಳೆಯದೂ ಅಲ್ಲ, ರುದ್ರಪ್ಪಣ್ಣನದ್ದು ಎನ್ನುತ್ತಿದ್ದರು. ಬದುಕಿದ್ದಾಗ ಒಂದು ವಾಕ್ಯ ಪೂರ್ತಿ ಆಡದ ಮನುಷ್ಯನಿಗೆ ಸತ್ತ ಮೇಲೆ ಇಂಥ ಹೆಸರು ಬಂತು.

ಕೆಲವು ವರ್ಷಗಳ ನಂತರ ಮಂಡಿನೋವು ಹೆಚ್ಚಿ ಸರೋಜಕ್ಕ ಮೆಷಿನ್ ತುಳಿಯುವುದನ್ನು ಬಿಟ್ಟರು. ಶೃಂಗೇರಿಯಲ್ಲಿ ಮಗಳ ಮನೆಗೆ ಹೋದರು. ಆ ಮಳಿಗೆಗೆ ಮೊಬೈಲ್ ರಿಪೇರಿಯವನು ಬಂದ. ಅವನ ಕಡೆಯಿಂದ ಬರುವ ಸದ್ದಿಗೆ ಹೆದರುವಂಥದ್ದು ಏನೂ ಇರಲಿಲ್ಲ. ನನಗೆ ಇಟ್ಟಿಗೆ ಗೋಡೆಯ ಅಗತ್ಯವೂ ಉಳಿಯಲಿಲ್ಲ.

ಸರೋಜಕ್ಕನಿಗೆ ಹುಷಾರಿಲ್ಲ ಎಂದು ತಿಳಿದು ನೋಡಲು ಹೋದದ್ದೇ ಕೊನೆ. ಆ ಮಳೆಗಾಲ ಅವರು ದಾಟಲಿಲ್ಲ. ಬಸ್ಸಿನಲ್ಲಿ ಇಡೀ ದಾರಿ, ನನ್ನನ್ನು ನೋಡಿ ಗುರುತಿಸದಿದ್ದರೆ, ಗುರುತಿಸಿ ಅತ್ತರೆ ಎಂದು ಎರಡಕ್ಕೂ ಹೆದರಿದ್ದೆ. ಅವರು ಕಿಟಕಿಯ ಪಕ್ಕ ದಿಂಬಿಗೆ ಒರಗಿ ಕೂತಿದ್ದರು, ತೀರ ಇಳಿದುಹೋಗಿದ್ದರು. ಗುರುತಿಸಿದರು, ಅಳಲಿಲ್ಲ. ಬಿಪಿ ಎಷ್ಟಿದೆ ಎಂದು ಅವರೇ ನನ್ನನ್ನು ವಿಚಾರಿಸಿದರು. ಮಗಳು ಕಾಫಿ ತರಲು ಒಳಗೆ ಹೋದಾಗ ನಾನು ಏನಾದರೂ ಹೇಳಬೇಕೆಂದು, ಬಾಳಗಡಿಯಲ್ಲಿ ಹೆಂಗಸರು ಈಗಲೂ ರುದ್ರಪ್ಪಣ್ಣನ ಸಿನಿಮಾ ನೆನೆಸಿಕೊಂಡು ನಗುತ್ತಾರೆ ಎಂದೆ.

ಅವರು, “ನಾನೂ ನಗಾಡಿದ್ದೇ ನಗಾಡಿದ್ದು” ಎಂದರು. “ಆದ್ರೆ ಇಲ್ಲಿ ಕೂತು ಕೂತು ಒಂದು ಬೇಜಾರು ಹತ್ತಿದೆ ಮಾರಾಯ. ಹೆದ್ರಿದಾಗ ಒರಗೋಕೆ ನಂಗೆ ಅವರ ಭುಜ ಇತ್ತು. ಅವರಿಗೆ ಎಂತ ಇತ್ತು ಹೇಳು? ಟೆಂಟಿನ ಕಂಬನೂ ದೂರ. ನಾನು ಒಂದೇ ಒಂದು ಸಲ ಕಣ್ಣು ಬಿಟ್ಟಿದ್ರೆ ಆಗ್ತಿತ್ತು. ನಾನೇ ಹೇಳ್ತಿದ್ದೆ, ‘ಹೆದರ್ಬೇಡಿ, ಎಂತ ಇಲ್ಲ, ಅದು ಆಡು’ ಅಂತ.”